ಕಾವೇರಿ ಹಿಡಿದು ಕೋಡಿಯಕ್ಕರೈಗೆ: ಬೆಂಗಳೂರಿನಿಂದ ಬೈಕಿನಲ್ಲಿ

ಹೊರಡುವ ಮೊದಲು

ತಮಿಳುನಾಡಿನ ನಕ್ಷೆ ತೆಗೆದು ನೋಡಿ. ಚೆನ್ನೈನಿಂದ ದಕ್ಷಿಣಕ್ಕೆ ಇಳಿಯುವ ಕರಾವಳಿ ನಾಗಪಟ್ಟಣ ದಾಟಿದ ಮೇಲೆ ಮೊಣಕೈ ಮಡಚಿದ ಹಾಗೆ ಥಟ್ಟನೆ ಪಶ್ಚಿಮಕ್ಕೆ ತಿರುಗುತ್ತದೆ. ಆ ಮೊಣಕೈಯ ತುದಿಯೇ ಕೋಡಿಯಕ್ಕರೈ. ಬ್ರಿಟಿಷರ ನಕ್ಷೆಗಳಲ್ಲಿ ಪಾಯಿಂಟ್ ಕ್ಯಾಲಿಮಿಯರ್. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪಾಕ್ ಜಲಸಂಧಿ, ನೀರಿನಾಚೆ ಶ್ರೀಲಂಕಾದ ಜಾಫ್ನಾ. ಹಿಂದೆ ಕಾಡು, ಉಪ್ಪಿನ ಆಗರ, ಕೆಸರು. ವೇದಾರಣ್ಯಂ ಊರಿನಿಂದ ಸುಮಾರು 11 ಕಿಲೋಮೀಟರ್ ರಸ್ತೆ ಹೋಗಿ ಅಲ್ಲಿಗೆ ಮುಗಿಯುತ್ತದೆ.

ಬೆಂಗಳೂರಿನ ಸವಾರರು ಸಮುದ್ರದ ತುದಿ ಅಂದರೆ ಧನುಷ್ಕೋಡಿ, ಇಲ್ಲಾಂದ್ರೆ ಕನ್ಯಾಕುಮಾರಿ ಅಂತಾರೆ. ಎರಡೂ ಒಳ್ಳೆಯ ಜಾಗಗಳೇ. ನನಗೆ ಕೋಡಿಯಕ್ಕರೈ ಬೇಕಿತ್ತು. ಅದು ಕಾವೇರಿ ಬಯಲಿನ ಕಟ್ಟಕಡೆಯ ಮೂಲೆ. ಕೊಡಗಿನಲ್ಲಿ ಹುಟ್ಟಿ ನಮ್ಮ ಗದ್ದೆ, ನಮ್ಮ ನಲ್ಲಿ ಎಲ್ಲ ದಾಟಿ ಹೋದ ನೀರು ಕವಲೊಡೆದು, ಕಾಲುವೆಯಾಗಿ, ಬಚ್ಚಲಷ್ಟು ಸಣ್ಣದಾಗಿ ಕೊನೆಗೆ ಎಲ್ಲಿ ಮುಟ್ಟುತ್ತದೆ ಅಂತ ಒಮ್ಮೆ ನೋಡಲೇಬೇಕು ಅನ್ನಿಸಿತ್ತು. ಜೊತೆಗೆ ಬಂದವನು ಮಳವಳ್ಳಿ ಕಡೆಯ ಗೆಳೆಯ. ಅವರ ಜಮೀನು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಮೇಲಿನವರು ಬಿಟ್ಟರೆ ಇವರಿಗೆ ನೀರು. ಭತ್ತ ನಾಟಿ ಮಾಡಿ ಕಾದು, ನೀರು ಬರದೆ, ಮುಂದಿನ ವರ್ಷ ರಾಗಿ ಹಾಕಿದ ಮನೆ ಅದು. "ಕಾವೇರಿ ಅಂದ್ರೆ ನಂಗೆ ಬಂದ್ ನೆನಪಾಗುತ್ತೆ ಕಣೋ, ನದಿ ಆಮೇಲೆ" ಅಂತ ಅವನು ಯಾವಾಗಲೂ ಹೇಳುತ್ತಿದ್ದ.

ಹಾಗಾಗಿ ದಾರಿ ಗೊತ್ತುಮಾಡುವಾಗಲೇ ಹೆದ್ದಾರಿ ಬೇಡ ಅಂತ ತೀರ್ಮಾನಿಸಿದೆವು. ಕೃಷ್ಣಗಿರಿ, ಸೇಲಂ, ತಿರುಚ್ಚಿ ಅಂತ ನಾಲ್ಕು ಪಥದ ರಸ್ತೆ ಹಿಡಿದರೆ ಬೆಳಿಗ್ಗೆ ಹೊರಟು ರಾತ್ರಿಗೆ ವೇದಾರಣ್ಯಂ ಮುಟ್ಟಬಹುದು. ಆದರೆ ದಾರಿಯಲ್ಲಿ ಟೋಲ್ ಗೇಟ್ ಮತ್ತು ಲಾರಿ ಬಿಟ್ಟರೆ ಏನೂ ಸಿಗಲ್ಲ. ನಾವು ನದಿ ಹಿಡಿದೆವು. ಹೊಗೇನಕಲ್, ಮೆಟ್ಟೂರು, ಭವಾನಿ, ಮುಸಿರಿ, ಶ್ರೀರಂಗ, ಕಲ್ಲಣೈ, ತಂಜಾವೂರು, ಅಲ್ಲಿಂದ ಕಾಲುವೆಗಳ ಜೊತೆ ಸಮುದ್ರದವರೆಗೆ. ಸಾಧ್ಯವಾದಲ್ಲೆಲ್ಲ ನೀರು ಕಣ್ಣಿಗೆ ಕಾಣುವ ರಸ್ತೆಯನ್ನೇ ಆರಿಸಿಕೊಂಡೆವು.

ಕಾಲದ ಲೆಕ್ಕ ತುಂಬಾ ಮುಖ್ಯ. ನಮಗೆ ಮಳೆ ಮುಗಿಯುವ ಹೊತ್ತಿಗೆ ಆ ಕರಾವಳಿಗೆ ಮಳೆ ಶುರುವಾಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತ, ಅದರ ಜೊತೆಗೆ ಚಂಡಮಾರುತಗಳು. ಏಪ್ರಿಲ್ ಮೇಲೆ ಬಿಸಿಲು ತಡೆಯಲು ಆಗಲ್ಲ, ವಲಸೆ ಹಕ್ಕಿಗಳೂ ಹೊರಟು ಹೋಗಿರುತ್ತವೆ. ಜನವರಿ ಕೊನೆ, ಫೆಬ್ರುವರಿ ಸರಿಯಾದ ಸಮಯ. ಸಂಕ್ರಾಂತಿ ವಾರ ಮಾತ್ರ ಬೇಡ. ಪೊಂಗಲ್‌ಗೆ ಬೆಂಗಳೂರಿನ ಅರ್ಧ ಊರು ಹೊಸೂರು ರಸ್ತೆಯಲ್ಲೇ ಇರುತ್ತದೆ, ಲಾಡ್ಜ್‌ಗಳೂ ಸಿಗಲ್ಲ. ನಾವು ಹಬ್ಬ ಮುಗಿದು ಒಂದು ವಾರ ಬಿಟ್ಟು ಹೊರಟೆವು.

ನನ್ನದು 350 ಸಿಸಿ ಬುಲೆಟ್, ಅವನದು 150 ಸಿಸಿ ಪಲ್ಸರ್. ಚಿಕ್ಕ ಗಾಡಿಯ ವೇಗಕ್ಕೇ ದಿನದ ದೂರ ಹಾಕಿದೆವು. ಆಯಿಲ್ ಬದಲಿಸಿ, ಬ್ರೇಕ್ ಶೂ ನೋಡಿಸಿ, ಚೈನ್ ಬಿಗಿ ಮಾಡಿಸಿದ್ದಾಯಿತು. ಕ್ಲಚ್ ಕೇಬಲ್ ಒಂದು, ಟ್ಯೂಬ್ ಒಂದು, ಸ್ಪಾರ್ಕ್ ಪ್ಲಗ್, ಗಾಳಿ ಹೊಡೆಯುವ ಪಂಪು ಜೊತೆಗಿದ್ದವು. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಪತ್ರಗಳ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಇನ್ನೊಂದು ವಸ್ತು ಯಾರೂ ಹೇಳಲ್ಲ, ನಾನು ಹೇಳ್ತೀನಿ: ಒಳ್ಳೆಯ ಚೈನ್ ಲ್ಯೂಬ್ ಡಬ್ಬಿ. ಉಪ್ಪು ಗಾಳಿಯ ಊರಿಗೆ ಹೋಗುವಾಗ ಅದು ಬೇಕೇ ಬೇಕು.

ಶುಕ್ರವಾರ: ಬೆಂಗಳೂರು, ಹೊಗೇನಕಲ್, ಮೆಟ್ಟೂರು

ಐದು ಗಂಟೆಗೆಲ್ಲ ಸಿಲ್ಕ್ ಬೋರ್ಡ್ ದಾಟಿದೆವು. ಹೊಸೂರಿನಲ್ಲಿ ಕೈ ಮರಗಟ್ಟುವಷ್ಟು ಚಳಿ. ಟೀ ಕುಡಿದು ಹೆದ್ದಾರಿ ಬಿಟ್ಟು ಡೆಂಕಣಿಕೋಟೆ ಕಡೆ ತಿರುಗಿದೆವು. ಹೊಸೂರಿನ ಹತ್ತಿರ ತೊರಪಳ್ಳಿ ಅಂತ ಒಂದು ಊರಿದೆ, ಸ್ವಾತಂತ್ರ್ಯ ಹೋರಾಟಗಾರ ರಾಜಾಜಿ 1878ರಲ್ಲಿ ಹುಟ್ಟಿದ್ದು ಅಲ್ಲೇ. ಅವರ ಹೆಸರು ಈ ದಾರಿಯ ಇನ್ನೊಂದು ತುದಿಯಲ್ಲಿ ಮತ್ತೆ ಬರುತ್ತದೆ.

ಡೆಂಕಣಿಕೋಟೆಯಿಂದ ಅಂಚೆಟ್ಟಿ, ಅಲ್ಲಿಂದ ಕಾಡಿನೊಳಗೆ ಇಳಿದು ಹೊಗೇನಕಲ್. ಬೆಂಗಳೂರಿನ ಸುತ್ತ ಇಷ್ಟು ಚೆಂದದ ಬೈಕ್ ರಸ್ತೆ ಕಡಿಮೆ. ತಿರುವು, ಬಿದಿರು, ರಾಗಿ ಹೊಲ, ಮತ್ತೆ ತಿರುವು. ಇದು ಆನೆ ಓಡಾಡುವ ಜಾಗ, ಬೆಳಕು ಹರಿದ ಮೇಲೆಯೇ ಹೋಗಬೇಕು, ಕತ್ತಲಾಗುವ ಮೊದಲೇ ಹೊರಗೆ ಬರಬೇಕು. ಅಂಚೆಟ್ಟಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಪಕ್ಕದ ಬೆಂಚಿನಲ್ಲಿ ಕನ್ನಡ, ಎದುರಿನದರಲ್ಲಿ ತೆಲುಗು, ಗಲ್ಲಾಪೆಟ್ಟಿಗೆಯ ಹತ್ತಿರ ತಮಿಳು. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು.

ಈ ರಸ್ತೆಯಿಂದ ಒಳಗೆ, ನದಿ ದಂಡೆಯಲ್ಲಿ ಬಿಳಿಗುಂಡ್ಲು ಇದೆ. ನಮ್ಮಿಂದ ತಮಿಳುನಾಡಿಗೆ ಹೋದ ನೀರನ್ನು ಅಳೆಯುವುದು ಅಲ್ಲೇ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ ಅಲ್ಲಿ 177.25 ಟಿಎಂಸಿ ದಾಟಬೇಕು. ಟಿವಿಯಲ್ಲಿ ಈ ಹೆಸರು ಕೇಳದ ಮಂಡ್ಯದ ಮಗುವಿಲ್ಲ. ಗೆಳೆಯ ಗಾಡಿ ನಿಲ್ಲಿಸಿ ಆ ದಿಕ್ಕಿಗೆ ಕೈ ತೋರಿಸಿ, "ಇಷ್ಟು ಹತ್ರಾನಾ?" ಅಂದ. ಅವನು ಅದೇನೋ ದೊಡ್ಡ ಅಣೆಕಟ್ಟು, ದೂರದ ಊರು ಅಂದುಕೊಂಡಿದ್ದನಂತೆ.

ಹೊಗೇನಕಲ್‌ನಲ್ಲಿ ನೀರು ಮಧ್ಯಮ. ತೆಪ್ಪ, ಎಣ್ಣೆ ಮಾಲೀಶು, ಮೀನು ಫ್ರೈ ಎಲ್ಲ ಎಂದಿನಂತೆ. ಎದುರು ದಡ ಕರ್ನಾಟಕ. ಮೀನು ತಿಂದು ಪೆನ್ನಾಗರ, ಮೇಚೇರಿ ಮೇಲೆ ಮೆಟ್ಟೂರಿಗೆ ಹೊರಟೆವು. ಇಲ್ಲಿ ಘಾಟಿ ಮುಗಿದು ಬಿಸಿಲು ಶುರು. ಜಾಕೆಟ್ ಬಿಚ್ಚಿ ಹಿಂದೆ ಕಟ್ಟಿದೆವು.

ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. 1924ರಲ್ಲಿ ಮೈಸೂರು ಮತ್ತು ಮದ್ರಾಸ್ ಮಾಡಿಕೊಂಡ ಒಪ್ಪಂದದಿಂದಲೇ ಆ ಕಡೆ ಇದನ್ನು ಕಟ್ಟಲು, ಈ ಕಡೆ ಮೊದಲೇ ಕೆಲಸ ಶುರುವಾಗಿದ್ದ ಕೆಆರ್‌ಎಸ್ ಪೂರ್ತಿ ಎತ್ತರಕ್ಕೆ ಏರಿಸಲು ದಾರಿಯಾಯಿತು. ನಮ್ಮ ಕೆಆರ್‌ಎಸ್ ಭರ್ತಿಯಾದರೆ 49 ಟಿಎಂಸಿ ಚಿಲ್ಲರೆ, ಇದು 93 ಟಿಎಂಸಿಗೂ ಜಾಸ್ತಿ. ನಮ್ಮಲ್ಲಿ 124.80 ಅಡಿ ಅನ್ನುವುದು ಹೇಗೋ ಇಲ್ಲಿ 120 ಅಡಿ ಹಾಗೆ. ಟೀ ಅಂಗಡಿಯಲ್ಲಿ ಪೇಪರ್ ಬಿಡಿಸಿದವರು ಮೊದಲು ಆ ಅಂಕಿ ನೋಡುತ್ತಾರೆ. ಗೆಳೆಯನಿಗೆ ತಮಿಳು ಓದಲು ಬರಲ್ಲ, ಆದರೆ ಪುಟದಲ್ಲಿ ಆ ಪುಟ್ಟ ಚೌಕ ಎಲ್ಲಿದೆ ಅಂತ ಥಟ್ಟನೆ ಹುಡುಕಿದ. ಅವರ ಮನೆಯಲ್ಲಿ ಬೆಳಿಗ್ಗೆ ಅವನಪ್ಪ ಕೆಆರ್‌ಎಸ್ ಮಟ್ಟ ನೋಡುವುದೂ ಅದೇ ರೀತಿ, ಅದೇ ಹೊತ್ತಿನಲ್ಲಿ. ರಾತ್ರಿ ಮೆಟ್ಟೂರಿನಲ್ಲೇ ಉಳಿದೆವು.

ಶನಿವಾರ: ಮೆಟ್ಟೂರು, ಮುಸಿರಿ, ಶ್ರೀರಂಗ

ಭವಾನಿಯವರೆಗೆ ನದಿ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಭವಾನಿ ನದಿ ಬಂದು ಕಾವೇರಿಗೆ ಸೇರುತ್ತದೆ, ಸಂಗಮೇಶ್ವರನ ಗುಡಿ ಇದೆ. ಆಚೆ ಕುಮಾರಪಾಳಯಂ, ಪಳ್ಳಿಪಾಳಯಂ ಕಡೆ ಬೀದಿಗೆಲ್ಲ ಪವರ್‌ಲೂಮ್ ಸದ್ದು. ಇಲ್ಲಿ ಹೆಚ್ಚು ನಿಲ್ಲಲಿಲ್ಲ.

ಪರಮತ್ತಿ ವೇಲೂರು ದಾಟಿ ಮೋಹನೂರು, ತೊಟ್ಟಿಯಂ, ಮುಸಿರಿ ಅಂತ ಉತ್ತರ ದಂಡೆಯ ರಸ್ತೆ ಹಿಡಿದ ಮೇಲೆ ಪ್ರವಾಸದ ಬಣ್ಣವೇ ಬದಲಾಯಿತು. ಎಡಕ್ಕೂ ಬಾಳೆ, ಬಲಕ್ಕೂ ಬಾಳೆ, ನಡುವೆ ವೀಳ್ಯದೆಲೆ ತೋಟ, ಚಾಪೆ ಹೆಣೆಯುವ ಜೊಂಡು ಹುಲ್ಲನ್ನು ರಸ್ತೆ ಬದಿಯಲ್ಲಿ ಹರಡಿ ಒಣಗಿಸಿರುತ್ತಾರೆ. ರಸ್ತೆ ಸಣ್ಣದು, ನೆರಳು ಜಾಸ್ತಿ, ಐವತ್ತರ ಮೇಲೆ ಓಡಿಸಬೇಕು ಅಂತ ಅನ್ನಿಸುವುದೇ ಇಲ್ಲ. ಇಲ್ಲಿಯ ನದಿಗೆ ಜನ ಅಖಂಡ ಕಾವೇರಿ ಅಂತಾರೆ. ಮುಸಿರಿಯಲ್ಲಿ ಕುಳಿತಲೈ ಕಡೆಗಿನ ಸೇತುವೆ ಮೇಲೆ ನಿಂತು ನೋಡಿದೆವು. ಒಂದು ದಡದಿಂದ ಇನ್ನೊಂದು ದಡಕ್ಕೆ ಒಂದು ಕಿಲೋಮೀಟರಿಗೂ ಮೇಲೆ. ನೀರು ಅಷ್ಟಗಲ ಇರಲಿಲ್ಲ, ಮರಳು ಇತ್ತು, ಮರಳಿನ ನಡುವೆ ಮೂರು ನಾಲ್ಕು ಹರಿವು. ಮೇಕೆದಾಟಿನಲ್ಲಿ ಬಂಡೆ ಸಂದಿಯಲ್ಲಿ ನುಗ್ಗುವ ನದಿ ಇದೇನಾ ಅಂತ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಮುಕ್ಕೊಂಬಿನಲ್ಲಿ ನದಿ ಮೊದಲ ಸಲ ಒಡೆಯುತ್ತದೆ. ಎಡಕ್ಕೆ ಕೊಳ್ಳಿಡಂ, ಬಲಕ್ಕೆ ಕಾವೇರಿ. ಕೊಳ್ಳಿಡಂ ಹಾಸು ತಗ್ಗು, ನೀರೆಲ್ಲ ಆ ಕಡೆಯೇ ಓಡಿ ಹೋಗಿ ತಂಜಾವೂರಿನ ಗದ್ದೆಗಳು ಒಣಗುತ್ತಿದ್ದವು. ಅದಕ್ಕೇ 1836ರಲ್ಲಿ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಇಲ್ಲಿ ಒಡ್ಡು ಕಟ್ಟಿಸಿದ. 2018ರ ಆಗಸ್ಟ್‌ನಲ್ಲಿ ನೆರೆ ಬಂದಾಗ ಕೊಳ್ಳಿಡಂ ಕಡೆಯ ಒಂಬತ್ತು ಗೇಟುಗಳು ಕೊಚ್ಚಿ ಹೋದವು. ಕೊಡಗಿನಲ್ಲಿ ಗುಡ್ಡ ಕುಸಿದ ಅದೇ ಆಗಸ್ಟ್, ಅದೇ ಮಳೆಯ ನೀರು. ಈಗ ಹೊಸ ಒಡ್ಡು ಕಟ್ಟಿದ್ದಾರೆ.

ಸಂಜೆಗೆ ಶ್ರೀರಂಗ. ಕಾವೇರಿ, ಕೊಳ್ಳಿಡಂ ಎರಡರ ನಡುವಿನ ನಡುಗಡ್ಡೆ ಇದು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಇಲ್ಲಿಯ ಅಂತ್ಯರಂಗ. ಮೊದಲ ಎರಡೂ ಗೆಳೆಯನ ಮನೆಯಿಂದ ಬೈಕಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಏಳು ಸುತ್ತಿನ ಪ್ರಾಕಾರ, 1987ರಲ್ಲಿ ಮುಗಿದ ದೊಡ್ಡ ರಾಜಗೋಪುರ, ಅದನ್ನೆಲ್ಲ ನೋಡಲು ಒಂದು ಸಂಜೆ ಸಾಲದು. ಅವನು ಗೋಪುರದ ಕೆಳಗೆ ನಿಂತು ಮನೆಗೆ ಫೋನ್ ಮಾಡಿದ. "ಬೈಕಲ್ಲೇ ಅಲ್ಲೀಗಂಟ ಹೋಗ್ಬುಟ್ಟಾ ಮಗ?" ಅಂತ ಅವರಮ್ಮ ಕೇಳಿದ್ದು ಸ್ಪೀಕರ್ ಹಾಕದೆಯೂ ನನಗೆ ಕೇಳಿಸಿತು. ಆಮೇಲೆ ತಾಯಾರ್ (ಅಮ್ಮನವರ) ಸನ್ನಿಧಿಗೆ ಹೋಗದೆ ಬರಬೇಡ ಅಂತ ಹೇಳಿದರು. ಹೋಗಿ ಬಂದೆವು.

ಭಾನುವಾರ: ಕಲ್ಲಣೈ, ತಂಜಾವೂರು, ವೇದಾರಣ್ಯಂ

ಕಲ್ಲಣೈಗೆ ಬೆಳಿಗ್ಗೆ ಏಳಕ್ಕೇ ಹೋಗಿ. ಬಿಸಿಲಿರಲ್ಲ, ಜನ ಇರಲ್ಲ. ಇದು ಕರಿಕಾಲ ಚೋಳ ಕಟ್ಟಿಸಿದ ಅಣೆಕಟ್ಟು, ಸುಮಾರು ಎರಡು ಸಾವಿರ ವರ್ಷ ಹಳೆಯದು ಅನ್ನುತ್ತಾರೆ. ಈಗ ಮೇಲೆ ಕಾಣುವ ಸೇತುವೆ, ಗೇಟು ಎಲ್ಲ ಬ್ರಿಟಿಷರ ಕಾಲದ್ದು ಮತ್ತು ಆಮೇಲಿನದು. ಹಳೆಯ ಕೆಲಸ ಕೆಳಗಿದೆ. ಮರಳಿನ ಹಾಸಿನಲ್ಲಿ ತಳಪಾಯ ಸಿಗಲ್ಲ. ಕಲ್ಲು ಹಾಕಿದರೆ ಹೂತು ಹೋಗುತ್ತದೆ. ಹಾಗೆ ಹೂತು ಹೋಗಲು ಬಿಟ್ಟು, ಅದರ ಮೇಲೆ ಇನ್ನೊಂದು ಕಲ್ಲು, ನಡುವೆ ಜೇಡಿಮಣ್ಣು, ಮತ್ತೆ ಕಲ್ಲು. ಹೀಗೆ ನದಿಯ ಹಾಸಿಗೆ ಅಡ್ಡಲಾಗಿ ಬಾಗಿದ ಗೋಡೆ ನಿಂತಿತು. ಗೋದಾವರಿಯ ಮೇಲೆ ಒಡ್ಡು ಕಟ್ಟುವಾಗ ಕಾಟನ್ ಇಲ್ಲಿ ಕಲಿತದ್ದನ್ನು ಬಳಸಿದ. ನನಗೆ ಇಡೀ ದಾರಿಯಲ್ಲಿ ಅತ್ಯಂತ ಗೌರವ ಹುಟ್ಟಿದ ಜಾಗ ಇದು. ಇಲ್ಲಿಂದ ಕಾವೇರಿ, ವೆಣ್ಣಾರು, 1934ರಲ್ಲಿ ತೋಡಿದ ಹೊಸ ಕಾಲುವೆ ಅಂತ ನೀರು ಬೇರೆ ಬೇರೆ ದಾರಿ ಹಿಡಿಯುತ್ತದೆ, ಜಾಸ್ತಿಯಾದದ್ದು ಕೊಳ್ಳಿಡಂಗೆ. ನಾವು ಮುಂದೆ ಹೋಗಬೇಕಿದ್ದದ್ದು ವೆಣ್ಣಾರಿನ ಕವಲುಗಳ ಜೊತೆ.

ತಂಜಾವೂರಿನಲ್ಲಿ ಕಾಫಿ ಕುಡಿದು ದೊಡ್ಡ ಗುಡಿ ನೋಡಿದೆವು. ರಾಜರಾಜ ಚೋಳ 1010ರಲ್ಲಿ ಮುಗಿಸಿದ್ದು. ಅಕ್ಕಿ ಎಷ್ಟು ಬೆಳೆಯುತ್ತಿದ್ದರೆ ಇಷ್ಟು ಕಲ್ಲು ಎತ್ತಬಹುದು ಅನ್ನುವುದು ಸುತ್ತಲಿನ ಗದ್ದೆ ನೋಡಿ ಬಂದವರಿಗೆ ಅರ್ಥವಾಗುತ್ತದೆ.

ಮನ್ನಾರ್ಗುಡಿ ದಾಟಿದ ಮೇಲೆ ಎಲ್ಲ ಕಡೆ ಸಾಂಬಾ ಹಂಗಾಮಿನ ಭತ್ತದ ಕೊಯ್ಲು. ಗದ್ದೆಯಲ್ಲಿ ಕಟಾವು ಯಂತ್ರ, ರಸ್ತೆಯ ಅರ್ಧದಲ್ಲಿ ಒಣಗಲು ಹರಡಿದ ಭತ್ತ, ಅದರ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಬೈಕಿನವರು ದಯವಿಟ್ಟು ನಿಧಾನ ಮಾಡಿ. ಒಂದು ಕಾಲುವೆ ಏರಿಯ ಮೇಲೆ ಹೋಗುವಾಗ ಗೆಳೆಯನ ಹಿಂದಿನ ಟೈರಿಗೆ ಬಳ್ಳಾರಿ ಜಾಲಿ ಮುಳ್ಳು ಚುಚ್ಚಿತು. ಅರ್ಧ ಕಿಲೋಮೀಟರ್ ತಳ್ಳಿದಾಗ ಪಂಕ್ಚರ್ ಅಂಗಡಿ ಸಿಕ್ಕಿತು, ಅದರ ಪಕ್ಕದಲ್ಲೇ ಸರ್ಕಾರದ ಭತ್ತ ಖರೀದಿ ಕೇಂದ್ರ. ಹೊರಗೆ ರಾಶಿ ರಾಶಿ ಭತ್ತ, ಪ್ರತಿ ರಾಶಿಯ ಪಕ್ಕ ಒಬ್ಬರು ಕಾವಲು.

ಗೆಳೆಯ ಸುಮ್ನೆ ಹೋಗಿ ಒಂದು ರಾಶಿಯಿಂದ ನಾಲ್ಕು ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿದ. ಟಕ್ ಅನ್ನಲಿಲ್ಲ. "ಇನ್ನೂ ಹಸಿ" ಅಂದ, ಕನ್ನಡದಲ್ಲೇ. ರಾಶಿಯ ಯಜಮಾನ ಅರವತ್ತು ದಾಟಿದವರು. ಅವರೂ ನಾಲ್ಕು ಕಾಳು ಕಚ್ಚಿ ನಕ್ಕು ತಲೆ ಆಡಿಸಿದರು. ತೇವ ಶೇಕಡಾ 17ಕ್ಕಿಂತ ಜಾಸ್ತಿ ಇದ್ದರೆ ತೆಗೆದುಕೊಳ್ಳಲ್ಲ, ನಮ್ಮಲ್ಲೂ ಅದೇ ನಿಯಮ. ರಾತ್ರಿ ಇಬ್ಬನಿ ಬಿದ್ದರೆ ಮತ್ತೆ ತೇವ, ಮತ್ತೆ ಹರಡಬೇಕು, ಮತ್ತೆ ಕೂಡಿಡಬೇಕು. ನನಗೆ ಬೆಂಗಳೂರು ತಮಿಳು ಬರುತ್ತದೆ, ನಡುವೆ ನಿಂತು ಎರಡೂ ಕಡೆ ಹೇಳಿದೆ.

ಮೊದಲು ಅವನು ಕೇಳಿದ್ದು, ನೀರು ಯಾವಾಗ ಬರುತ್ತೆ ಅಂತ. ಮೆಟ್ಟೂರಿನ ಗೇಟು ತೆರೆಯುವ ವಾಡಿಕೆಯ ದಿನ ಜೂನ್ 12. ಅಷ್ಟು ನೀರು ಇಲ್ಲದ ವರ್ಷ ಅದೂ ತಡ. ಅಲ್ಲಿಂದ ಕಲ್ಲಣೈ, ಕಲ್ಲಣೈಯಿಂದ ವೆಣ್ಣಾರು, ಅದರಿಂದ ಕವಲು, ಕವಲಿನಿಂದ ಕಾಲುವೆ. ಮೇಲಿನ ಊರುಗಳು ತುಂಬಿಸಿಕೊಂಡು, ಸರದಿ ಪ್ರಕಾರ ಬಿಟ್ಟ ಮೇಲೆ ಇವರಿಗೆ. ಎಷ್ಟೋ ಸಲ ನಾಟಿಗೆ ಕಾಯಲು ಆಗದೆ ಒಣ ನೆಲದಲ್ಲೇ ಬೀಜ ಎರಚಿ ಬಿಡುತ್ತಾರಂತೆ, ಮೊದಲ ಮಳೆ ನಂಬಿಕೊಂಡು. ಆಮೇಲೆ ನವೆಂಬರ್‌ನಲ್ಲಿ ಮಳೆ ಸುರಿದರೆ ಅದೇ ಗದ್ದೆ ಮುಳುಗುತ್ತದೆ, ಯಾಕೆಂದರೆ ಮೇಲಿನ ಊರುಗಳ ನೀರೆಲ್ಲ ಇವರ ಮೇಲೆಯೇ ಸಮುದ್ರಕ್ಕೆ ಹೋಗಬೇಕು. ಸಮುದ್ರ ಏರಿದ್ದರೆ ಅದೂ ಹೋಗಲ್ಲ. ಬೇಕಾದಾಗ ಬರಲ್ಲ, ಬಂದಾಗ ಇಳಿಯಲ್ಲ.

ಗೆಳೆಯ ಕಟ್ಟು ನೀರಿನ ಲೆಕ್ಕ ಹೇಳಿದ. ಇಷ್ಟು ದಿನ ಬಿಡ್ತಾರೆ, ಇಷ್ಟು ದಿನ ನಿಲ್ಲಿಸ್ತಾರೆ, ನಮ್ಮ ಊರಿಗೆ ಮುಟ್ಟುವ ಹೊತ್ತಿಗೆ ನಿಲ್ಲಿಸುವ ದಿನ ಬಂದಿರುತ್ತೆ. ಆ ಹಿರಿಯರು ಇದನ್ನು ಪೂರ್ತಿ ಕೇಳಿ, "ತಂಬಿ, ನಿಮಗೆ ಅಲ್ಲೂ ಕೊನೇಲೇನಾ?" ಅಂತ ನನ್ನ ಮೂಲಕ ಕೇಳಿದರು. ಹೌದು ಅಂದ. ಅವರು ಅವನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ. 1991ರಲ್ಲಿ, 2016ರಲ್ಲಿ ಕಾವೇರಿ ಹೆಸರಿನಲ್ಲಿ ನಮ್ಮ ಬೀದಿಗಳಲ್ಲಿ ಆದ ಗಲಭೆ ನೋಡಿದವನು ನಾನು. ಹತ್ತು ಜನ ಹೀಗೆ ಎದುರು ಬದುರು ಕೂತು ಕಾಳು ಕಚ್ಚಿದ್ದರೆ ಚೆನ್ನಾಗಿತ್ತು ಅಂತ ಮನಸಾರೆ ಅನ್ನಿಸಿತು. ಟೈರ್ ರೆಡಿಯಾಗಿ ಅರ್ಧ ಗಂಟೆ ಕಳೆದರೂ ನಾವು ಅಲ್ಲೇ ಇದ್ದೆವು.

ತಿರುತ್ತುರೈಪೂಂಡಿಯಲ್ಲಿ ಪರೋಟಾ ತಿಂದು, ಕತ್ತಲಾಗುವ ಹೊತ್ತಿಗೆ ವೇದಾರಣ್ಯಂ ಮುಟ್ಟಿದೆವು. ಲಾಡ್ಜ್‌ಗಳು ಸಾಧಾರಣ, ಆದರೆ ಸಾಕು. ಪೆಟ್ರೋಲ್ ಇಲ್ಲೇ ತುಂಬಿಸಿಕೊಳ್ಳಿ, ಹಣವೂ ಇಲ್ಲೇ ತೆಗೆದಿಟ್ಟುಕೊಳ್ಳಿ.

ಸೋಮವಾರ: ಕೋಡಿಯಕ್ಕರೈ

ಊರು ಬಿಟ್ಟ ಕೂಡಲೇ ಅಗಸ್ತ್ಯಂಪಳ್ಳಿ. ರಸ್ತೆಯ ಆಚೆ ಈಚೆ ಉಪ್ಪಿನ ಆಗರ. 1930ರ ಏಪ್ರಿಲ್ 13ರಂದು ರಾಜಾಜಿ ನೂರರಷ್ಟು ಜನರನ್ನು ಕರೆದುಕೊಂಡು ತಿರುಚ್ಚಿಯಿಂದ ನಡೆದು ಹೊರಟರು. ತಂಜಾವೂರು, ಕುಂಭಕೋಣಂ, ತಿರುತ್ತುರೈಪೂಂಡಿ ಮೇಲೆ 240 ಕಿಲೋಮೀಟರ್ ನಡೆದು 28ಕ್ಕೆ ವೇದಾರಣ್ಯಂ ಮುಟ್ಟಿದರು, 30ಕ್ಕೆ ಇಲ್ಲಿ ಉಪ್ಪು ತೆಗೆದರು, ಬಂಧನವಾಯಿತು. ದಾರಿಯಲ್ಲಿ ಅವರಿಗೆ ಅನ್ನ ಹಾಕಿದವರಿಗೆ ಶಿಕ್ಷೆ ಅಂತ ತಂಜಾವೂರಿನ ಕಲೆಕ್ಟರ್ ಹೊರಡಿಸಿದ ಆದೇಶವನ್ನೂ ಲೆಕ್ಕಿಸದೆ ಹಳ್ಳಿಯವರು ಊಟ ಹಾಕಿದರು. ಅದೇ ಏಪ್ರಿಲ್‌ನಲ್ಲಿ ನಮ್ಮ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆಯಿತು. ತೊರಪಳ್ಳಿಯ ಹುಡುಗ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ಈ ಉಪ್ಪಿನ ನೆಲಕ್ಕೆ ಕಾಲ್ನಡಿಗೆಯಲ್ಲಿ ಬಂದರು. ನಾವು ಬೈಕಿನಲ್ಲಿ ಬಂದೂ ಬೆನ್ನು ಹಿಡಿದುಕೊಂಡಿತ್ತು. ಸ್ಮಾರಕದ ಹತ್ತಿರ ಹೆಲ್ಮೆಟ್ ತೆಗೆದು ನಿಂತೆವು.

ಆಗರದಲ್ಲಿ ಆಗ ಉಪ್ಪು ಇರಲಿಲ್ಲ. ಮಳೆ ನೀರು ಹೊರಹಾಕಿ ಪಾತಿಗಳನ್ನು ಸರಿಮಾಡುವ ಕೆಲಸ ನಡೆಯುತ್ತಿತ್ತು. ನಾಲ್ಕೈದು ಜನ ಸಾಲಾಗಿ ನಿಂತು, ಒಬ್ಬರ ಹೆಗಲು ಇನ್ನೊಬ್ಬರು ಹಿಡಿದು, ಬರಿಗಾಲಿನಲ್ಲಿ ಕೆಸರನ್ನು ತುಳಿಯುತ್ತಾ ಹಿಂದಕ್ಕೆ ಸರಿಯುತ್ತಿದ್ದರು. ಹಾಗೆ ತುಳಿದು ತುಳಿದು ತಳ ಗಟ್ಟಿಯಾದರೆ ಮಾತ್ರ ಉಪ್ಪಿಗೆ ಮಣ್ಣು ಹತ್ತಲ್ಲ. ಹತ್ತಿರ ಹೋಗಿ ನೋಡಿದಾಗ ಕಾಲಿನ ಚರ್ಮ ಬಿರುಕು ಬಿಟ್ಟು ಅಂಚುಗಳು ಬೆಳ್ಳಗಾಗಿದ್ದವು.

ಕೋಡಿಯಕ್ಕರೈನ ಕಾಡು 1967ರಿಂದ ವನ್ಯಧಾಮ, 2002ರಿಂದ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲೂ ಇದೆ. ಅರಣ್ಯ ಇಲಾಖೆ ಕಚೇರಿಯಲ್ಲಿ ಚೀಟಿ ಮಾಡಿಸಿ, ಬೈಕ್ ಅಲ್ಲೇ ಬಿಟ್ಟು, ಊರಿನವರೇ ಆದ ಒಬ್ಬರನ್ನು ಜೊತೆಗೆ ಕರೆದುಕೊಂಡು ನಡೆದೆವು. ಅವರು ಮೊದಲು ತೋರಿಸಿದ್ದು ಬಿದ್ದ ಮರಗಳನ್ನು. 2018ರ ನವೆಂಬರ್ 16ರ ಬೆಳಗಿನ ಜಾವ ಗಜ ಚಂಡಮಾರುತ ಅಪ್ಪಳಿಸಿದ್ದು ವೇದಾರಣ್ಯಂ, ನಾಗಪಟ್ಟಣದ ನಡುವೆ. ಕಾಡಿನ ಮರಗಳು ಉರುಳಿದವು, ಜಿಂಕೆಗಳು, ಕುದುರೆಗಳು ಸತ್ತವು. ಇಷ್ಟು ವರ್ಷವಾದರೂ ಕೆಲವು ಬುಡಗಳು ಹಾಗೇ ಬಾಯಿ ಬಿಟ್ಟುಕೊಂಡಿವೆ, ಪಕ್ಕದಲ್ಲಿ ಹೊಸ ಚಿಗುರು ಆಳೆತ್ತರ ಬೆಳೆದಿದೆ.

ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು. ನಮ್ಮ ರಾಣೆಬೆನ್ನೂರು, ಮಧುಗಿರಿಯ ಮೈದನಹಳ್ಳಿಯಲ್ಲಿ ನೋಡಿದ್ದೇನೆ, ಅಲ್ಲಿ ಒಣ ಬಯಲು. ಇಲ್ಲಿ ಅದೇ ತಿರುಚಿದ ಕೊಂಬು, ಅದೇ ಕಪ್ಪು ಬೆನ್ನು, ಹಿಂದೆ ಮಾತ್ರ ಸಮುದ್ರದ ಗಾಳಿ. ಕಾಡುಬಿದ್ದ ಕುದುರೆಗಳೂ ಸುಮ್ಮನೆ ಮೇಯುತ್ತಿರುತ್ತವೆ, ಹಿಂದೆ ಯಾವಾಗಲೋ ಊರಿನವರು ಬಿಟ್ಟವುಗಳ ಸಂತತಿ. ರಾಮರ್ ಪಾದಂ ಅನ್ನುವ ಸಣ್ಣ ದಿಬ್ಬ ಇಲ್ಲಿಯ ಎತ್ತರದ ಜಾಗ. ರಾಮ ಇಲ್ಲಿ ನಿಂತು ಲಂಕೆ ಕಡೆ ನೋಡಿದ ಅನ್ನುತ್ತಾರೆ, ಕಲ್ಲಿನಲ್ಲಿ ಪಾದಗಳಿವೆ. ನಮ್ಮ ಲೆಕ್ಕಕ್ಕೆ ದಿಬ್ಬವೇ ಅಲ್ಲ. ಆದರೆ ಸುತ್ತ ಎಲ್ಲವೂ ಚಪ್ಪಟೆ ಇರುವಾಗ ಅಷ್ಟೇ ಎತ್ತರಕ್ಕೂ ಇಡೀ ಜೌಗು ಕಾಣುತ್ತದೆ.

ರಾಜಹಂಸಗಳು (ಫ್ಲೆಮಿಂಗೊ) ದೂರದ ಕೆಸರಿನಲ್ಲಿ ಗುಲಾಬಿ ಗೆರೆಯಾಗಿದ್ದವು. ಜೊತೆಗಿದ್ದವರ ಬೈನಾಕ್ಯುಲರ್‌ನಲ್ಲಿ ಒಂದೇ ಒಂದನ್ನು ಹಿಡಿದು ತುಂಬಾ ಹೊತ್ತು ನೋಡಿದೆ. ನಿಂತಲ್ಲೇ ಕಾಲಿನಿಂದ ಕೆಸರು ಕಲಕುತ್ತದೆ, ಆಮೇಲೆ ಕತ್ತು ಇಳಿಸಿ ಕೊಕ್ಕನ್ನು ತಲೆಕೆಳಗು ಮಾಡಿ ಆ ನೀರನ್ನು ಸೋಸುತ್ತದೆ. ಮತ್ತೆ ಒಂದು ಹೆಜ್ಜೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದಶಕಗಳಿಂದ ಇಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಅಂತ ಲೆಕ್ಕ ಇಡುತ್ತಿದ್ದಾರೆ. ಇಲ್ಲಿಗೆ ಹರಿದು ಬರುವ ಸಿಹಿ ನೀರು ಕಡಿಮೆಯಾದರೆ ಕೆಸರಿನ ಉಪ್ಪು ಏರುತ್ತದೆ, ಇವುಗಳ ಆಹಾರ ಬದಲಾಗುತ್ತದೆ. ಸಮುದ್ರಕ್ಕೆ ಸೇರಿದ ನೀರು ಪೋಲು ಅಂತ ನಮ್ಮಲ್ಲಿ ಹೇಳುವ ಮಾತು ನಾನು ಇನ್ನು ಒಪ್ಪಲ್ಲ.

ಮಧ್ಯಾಹ್ನ ದಡಕ್ಕೆ ಹೋದೆವು. ಬೇರೆ ಊರುಗಳ ಮೀನುಗಾರರು ಸೀಸನ್ನಿಗೆ ಬಂದು ಗುಡಿಸಲು ಹಾಕಿಕೊಂಡಿರುತ್ತಾರೆ. ಬಲೆ, ಡೀಸೆಲ್ ವಾಸನೆ, ಒಣಮೀನು. ಚೋಳರ ಕಾಲದ ದೀಪಸ್ತಂಭ ಅಂತ ಹೇಳುತ್ತಿದ್ದ ಹಳೆಯ ಕಟ್ಟಡ 2004ರ ಸುನಾಮಿಯಲ್ಲಿ ಬಿದ್ದುಹೋಯಿತು. ಈಗಿನ ಎತ್ತರದ ದೀಪಸ್ತಂಭ ದೂರದಿಂದಲೇ ಕಾಣುತ್ತದೆ. ಪೂರ್ವದ ಕಡೆ ಅಲೆ ಇತ್ತು, ಸುತ್ತಿ ದಕ್ಷಿಣಕ್ಕೆ ಬಂದರೆ ನೀರು ಕೆರೆಯಷ್ಟು ತಣ್ಣಗೆ. ಗೆಳೆಯ ಪ್ಯಾಂಟು ಮಡಚಿ ಎರಡೂ ಕಡೆ ಇಳಿದ, ಎರಡೂ ಕಡೆಯ ನೀರನ್ನು ನಾಲಿಗೆಗೆ ತಾಗಿಸಿ ನೋಡಿದ.

ಮಂಗಳವಾರ, ಬುಧವಾರ: ಪೂಂಪುಹಾರ್ ಮೇಲೆ ವಾಪಸ್

ಬೆಳಿಗ್ಗೆ ಮೊದಲ ಕೆಲಸ ಬೈಕ್ ತೊಳೆಸಿ ಚೈನಿಗೆ ಲ್ಯೂಬ್ ಹೊಡೆದದ್ದು. ಒಂದೇ ದಿನಕ್ಕೆ ಸೈಲೆನ್ಸರ್ ಬೋಲ್ಟುಗಳು ಕೆಂಪಾಗಿದ್ದವು.

ನಾಗಪಟ್ಟಣ, ಡೇನರು 1620ರಲ್ಲಿ ಕೋಟೆ ಕಟ್ಟಿದ ತರಂಗಂಬಾಡಿ, ಆಮೇಲೆ ಪೂಂಪುಹಾರ್. ಕಾವೇರಿ ಅನ್ನುವ ಹೆಸರಿನಲ್ಲೇ ಹರಿದು ಸಮುದ್ರ ಸೇರುವ ಕವಲು ಅಲ್ಲಿದೆ. ಮುಸಿರಿಯಲ್ಲಿ ಕಿಲೋಮೀಟರ್ ಅಗಲ ಇದ್ದದ್ದು ಇಲ್ಲಿ ನಮ್ಮೂರಿನ ನಾಲೆಯಷ್ಟು. ನಿರಾಸೆ ಆಗಲಿಲ್ಲ. ಉಳಿದ ನೀರು ಎಲ್ಲಿ ಹೋಯಿತು ಅಂತ ದಾರಿಯುದ್ದಕ್ಕೂ ನೋಡಿಕೊಂಡೇ ಬಂದಿದ್ದೆವು. ಚಿದಂಬರಂ, ಪಣ್ರುಟ್ಟಿ ದಾಟಿ ತಿರುವಣ್ಣಾಮಲೈನಲ್ಲಿ ರಾತ್ರಿ, ಮರುದಿನ ಚೆಂಗಂ, ಕೃಷ್ಣಗಿರಿ ಮೇಲೆ ಮನೆ.

ಗೆಳೆಯ ಈಗ ಅಪ್ಪನನ್ನು ಕರೆದುಕೊಂಡು ಹೋಗಲು ದಾರಿ ಬರೆಯಿಸಿಕೊಳ್ಳುತ್ತಿದ್ದಾನೆ. ಕಾರಿನಲ್ಲಾದರೆ ಅಂಚೆಟ್ಟಿ ಕಾಡು ಬಿಟ್ಟು ಧರ್ಮಪುರಿ ಮೇಲೆ ಮೆಟ್ಟೂರಿಗೆ ಹೋಗಿ, ವಯಸ್ಸಾದವರಿಗೆ ಅದೇ ಸುಲಭ ಅಂತ ಹೇಳಿದ್ದೇನೆ. ಶ್ರೀರಂಗದಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ, ಮನ್ನಾರ್ಗುಡಿಯಿಂದ ಮುಂದೆ ಮಾತ್ರ ಕೊಯ್ಲಿನ ಹೊತ್ತಿಗೇ ಹೋಗಿ. ಆ ಖರೀದಿ ಕೇಂದ್ರದ ಹಿರಿಯರ ನಂಬರ್ ಅವನ ಫೋನಿನಲ್ಲಿದೆ. ಮೊನ್ನೆ ಭತ್ತ ತೂಕಕ್ಕೆ ಹಾಕಿದ್ದಾಯಿತು ಅಂತ ಅವರೇ ಕರೆ ಮಾಡಿದ್ದರಂತೆ, ಇವನು ನನಗೆ ಕಾನ್ಫರೆನ್ಸ್ ಹಾಕಿ ಅರ್ಥ ಹೇಳಿಸಿಕೊಂಡ.